ಫೈಬರ್ ಬಂತು, ಯಲ್ಲಕ್ಕ ಬರಲಿಲ್ಲ

ಜೂನ್ 9, ಸೋಮವಾರ

ಯಾರು ಅದು, ನನ್ನ ವಹಿ ತೆರದವರು? ಮುಚ್ಚು ಮೊದಲ. ಮಂದಿ ಬರದದ್ದು ಓದಾಕ ನಾಚಿಕಿ ಬರಂಗಿಲ್ಲ? ಸೊಸಿ ಇದ್ರ ಒಲಿ ಮ್ಯಾಲಿನ ಹಾಲು ನೋಡು ಹೋಗು. ಮಗ ಇದ್ರ ಅಂಗಡಿಗೆ ನಡಿ. ನಾಲ್ಕನೇ ಇಯತ್ತೆ ಕಲತಾಕಿ ನಾ, ಕಾಗುಣಿತ ತಪ್ಪಿದ್ರ ತಪ್ಪಲಿ. ನಿಮಗಂತ ಬರದಿಲ್ಲ.

ಇವತ್ತೂ ಅದ. ಮೂರು ಹೊಡೀತು, ಯಲ್ಲಕ್ಕ ಬಂದ್ಲು. ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ಆಕೀದು. ಅಲ್ಲಿ ಟವರ್ ಸಿಗಂಗಿಲ್ಲ, ಅದಕ್ಕ ದಿನಾ ನಮ್ಮ ಪಡಸಾಲಿ, ನಮ್ಮ ವೈಫೈ. ಸೂರತ್‌ದಾಗಿನ ಮಗಳು ದಾನೇಶ್ವರಿ ಜೋಡಿ ವಿಡಿಯೋ ಕಾಲ್. ದಾನೇಶ್ವರಿ ಎರಡನೇ ಸಲ ಬಸರಿ. ನಾ ಬಾಜೂಕ ಕೂತು ಮಗ್ಗದ ಕಂಡಿಕಿಗೆ ನೂಲು ಸುತ್ತತಿದ್ನಿ.

ನಮ್ಮ ನೆಟ್ ಹಳೇ ಫೋನಿನ ತಂತಿ ಮ್ಯಾಲಿಂದು. ಎರಡು ಮಾತು ಆಗೂದ್ರೊಳಗ ಗಕ್ಕನ ನಿಂದರತೈತಿ. ದಾನೇಶ್ವರಿ ಬಾಯಿ ತೆರದದ್ದು ತೆರದಂಗ... ಮಾರಿ ಮ್ಯಾಲೆ ಚಕ್ಕರ ತಿರಗತೈತಿ.

"ನಿಮ್ಮ ನೆಟ್ ನಿನ್ನಂಗ ಬೇ ಮಾದೇವಿ. ಮನಸ್ಸ ಬಂದ್ರ ನಡೀತೈತಿ, ಇಲ್ಲಂದ್ರ ಕುಂತಬಿಡತೈತಿ."

"ಪುಗಸಟ್ಟೆ ಸಿಕ್ಕದ್ದಕ್ಕ ಹೆಸರ ಬ್ಯಾರೆ ಇಡತೀಯೇನ? ಚಾ ಕುಡಿ ಸುಮ್ನ."

ಚಿತ್ರ ಹೊಳ್ಳಿ ಬರೂತನಕ ಗಲಗಲಿ ಊರಿನ ಮಾತು. ಇಬ್ಬರದೂ ಅದ ತವರು. ಹೊಳಿ ಉಸುಕಿನಾಗ ಕಲ್ಲಂಗಡಿ ಕದ್ದದ್ದು. ಸಿಕ್ಕಬಿದ್ದಾಗ ಯಲ್ಲಕ್ಕ ನನ್ನ ಹೆಸರ ಹೇಳಿದ್ದು. ಈಗೂ ಇಲ್ಲ ಅಂತಾಳ, ಸುಳ್ಳಿ.

ಜೂನ್ 12, ಗುರುವಾರ

ಮಗ ಸಿದ್ದಾರೂಢ ಸಿಟ್ಟಿನಾಗ ಬಂದ. ಸೀರಿ ವ್ಯಾಪಾರ ಅವಂದು. ಪುಣೆ ಸೇಠಗ ಫೋನಿನಾಗ ಸೆರಗು ತೋರಸೂದ್ರೊಳಗ ಕಾಲ್ ಕಟ್. "ಸಾಕವ್ವ ಈ ಹಳೇ ಕಂಪನಿ. ಬಿಟ್ಟು ಹೊಸಾದು ತಗೋತೇನಿ. ಫೈಬರ್. ಕೂದಲದಂಥ ಗಾಜಿನ ಎಳಿ, ಕಂಬದಿಂದ ನಮ್ಮ ಮನಿ ಒಳಗತನಕ ಅದ. ತಾಮ್ರ ಎಲ್ಲೂ ಇಲ್ಲ."

ಹಾಕಸು ಅಂದ್ನಿ. ಯಲ್ಲಕ್ಕನೂ ಮಗಳ ಮಾರಿ ಛಲೋ ನೋಡಲಿ, ಪಾಪ. ನಾನ ಅಂದ್ನಿ. ನೆನಪಿರಲಿ.

ಜೂನ್ 17, ಮಂಗಳವಾರ

ನಿಚ್ಚಣಕಿ ಹೊತಗೊಂಡು ಗಿರಮಲ್ಲಪ್ಪ ಅನ್ನಾಂವ ಬಂದಿದ್ದ, ಹೊಸ ಕಂಪನಿಯಾಂವ. ಬಿಳೇ ವಾಯರ್, ಬಿಳೇ ಡಬ್ಬಿ, ಹಸರ ದೀಪ. ಡಬ್ಬಿ ಎಲ್ಲಿ ಹಾಕಲಿ ಅಂದ. ಯಲ್ಲಕ್ಕನ ಕಡೀ ಗ್ವಾಡಿ ತೋರಿಸಿದ್ನಿ.

"ಇಲ್ಲಿ ಹಾಕಿದ್ರ ಬಾಜೂ ಮನಿಗೂ ಹೋಗತೈತಿ ನೋಡ್ರಿ ಆಯಿ."

"ಹೋಗಲಿ. ಅಲ್ಲಿ ಇರಾಕೀನೂ ನಮ್ಮಾಕೀನ."

ಪಾಸ್‌ವರ್ಡ್ ಚೀಟ್ಯಾಗ ಬರಸಿ ನಾನ ಹೋಗಿ ಕೊಟ್ಟು ಬಂದ್ನಿ. ಯಲ್ಲಕ್ಕನ ಕಣ್ಣಾಗ ನೀರು. "ಇನ್ನ ನಿನಗ ದಿನಾ ತ್ರಾಸ ಇಲ್ಲ ಬಿಡ ಬೇ" ಅಂದ್ಲು. ನಾ ನಕ್ಕ್ನಿ.

ಜೂನ್ 19, ಗುರುವಾರ, ಮಧ್ಯಾಹ್ನ ಮೂರೂವರಿ

ಬಂದಿಲ್ಲ. ನಿನ್ನೇನೂ ಬಂದಿಲ್ಲ. ಗ್ವಾಡಿ ಆಚೆ ನಗಿ ಕೇಳಾಕತ್ತೈತಿ, ತಾಯಿ ಮಗಳದು. ಎಲ್ಲೂ ನಿಂದರವಲ್ದು. ಇನ್ನ ದಿನಾ ತ್ರಾಸ ಇಲ್ಲ ಅಂದದ್ದು ಏನಂತ ಈಗ ತಿಳೀತು.

ಜುಲೈ 3, ಗುರುವಾರ

ರೂಢಿ ಪ್ರಕಾರ ಎರಡು ಕಪ್ಪು ಚಾ ಮಾಡಿದ್ನಿ. ಎರಡೂ ನಾನ ಕುಡದ್ನಿ. ಎದಿ ಉರಿ.

ಮುಂಜಾನೆ ನಳದ ಕಡೆ ಸಿಕ್ಕಿದ್ಲು. ಮನಿಗೆ ಬಾ ಅನ್ನಬೇಕಂತ ಹೋದ್ನಿ. ಬಾಯಿಂದ ಬಂದದ್ದು — "ಯಾಕ, ಹತ್ತು ಹೆಜ್ಜಿ ನಡ್ಯಾಕ ಆಗವಲ್ದೇನ ಮುದಕೀ?"

"ಆಗತೈತಿ. ಕೆಲಸ ಬೇ" ಅಂದ್ಲು. ಕೊಡ ಎತ್ತಿದ್ಲು, ಹೋದ್ಲು.

ಸೊಸಿ ರಾಜಶ್ರೀ ಅಂತಾಳ, "ಅತ್ತಿ, ನೀವ ಹೋಗಿ ಬರ್ರಲ್ಲ." ನಾ ಯಾಕ ಹೋಗಲಿ? ಏಳು ವರ್ಷ ಆಕಿ ಬಂದಾಳ. ಬರೂದು ಆಕಿ ರೂಢಿ, ಬೈಯೂದು ನಂದು.

ಜುಲೈ 8, ಮಂಗಳವಾರ

ಪಾಸ್‌ವರ್ಡ್ ಬದಲ್ ಮಾಡಿಸಿದ್ನಿ. ಯಾಕವ್ವ ಅಂದ ಸಿದ್ದಾರೂಢ. ಓಣಿ ಹುಡುಗೂರು ನೆಟ್ ಕಳುವು ಮಾಡಾಕತ್ತಾವು ಅಂದ್ನಿ. ಅಂವ ನಂಬಿದ. ನಾಳೆ ಮೂರಕ್ಕ ಬರಬೇಕಲ್ಲ ಆಕಿ, ಎಲ್ಲಿಗೆ ಹೋಗತಾಳ! ಶೇಂಗಾ ಹುರದು ಇಟ್ಟೇನಿ.

ಜುಲೈ 9, ಬುಧವಾರ

ಬಂದ್ಲು. ಮೂರಕ್ಕ ಬರೋಬ್ಬರಿ. ಹೊಸ್ತಿಲ ದಾಟಲಿಲ್ಲ.

"ಒಳಗ ಬಾ, ಕೂಡ್ರು. ಇಲ್ಲಿ ಕೂತು ಮಾತಾಡಿದ್ರ ಛಂದ ಬರತೈತಿ" ಅಂದ್ನಿ.

"ನಿನ್ನ ಮಗಗ ಕೇಳಿದ್ನಿ ಮಾದೇವಿ, ಯಾಕ ಬಂದ್ ಆತು ಅಂತ. ಕಳ್ಳರು ಹೊಕ್ಕಾರ, ಅದಕ್ಕ ಅವ್ವ ಬದಲ್ ಮಾಡಿಸ್ಯಾಳ ಅಂದ." ನಾ ಕೊಟ್ಟ ಚೀಟಿ ಹೊಸ್ತಿಲ ಮ್ಯಾಲೆ ಇಟ್ಲು. "ನಿಮ್ಮ ಮನಿ ಬಿಟ್ರ ಆ ಪಾಸ್‌ವರ್ಡ್ ಇದ್ದದ್ದು ನನ್ನೊಬ್ಬಾಕೀ ಕಡೆ."

ಶೇಂಗಾದ ತಾಟು ಮುಂದ ಮಾಡಿದ್ನಿ.

ಹೋದ್ಲು. ಶೇಂಗಾ ಹಂಗ ಅದಾವು.

ಜುಲೈ 21, ಸೋಮವಾರ

ನಿಚ್ಚಣಕಿ ಸಪ್ಪಳ ಕೇಳಿ ಹೊರಗ ಬಂದ್ನಿ. ಅದ ಗಿರಮಲ್ಲಪ್ಪ, ಅದ ಬಿಳೇ ವಾಯರ್. ಯಲ್ಲಕ್ಕನ ಮನಿ ಗ್ವಾಡಿಗೆ. ಆಕಿ ಮಗ ಭೀಮಶಿ ಕೆಳಗ ನಿಂತು ನಿಚ್ಚಣಕಿ ಹಿಡದಿದ್ದ. "ನಮಸ್ಕಾರ್ರೀ ದೊಡ್ಡವ್ವಾ" ಅಂದ. ಛಲೋ ಆತಪಾ ಅಂದ್ನಿ. ಒಳಗ ಬಂದು ಕಂಡಿಕಿ ಸುತ್ತಾಕ ಕುಂತ್ನಿ. ಮೂರು ಸಲ ಎಳಿ ಹರೀತು.

ಜುಲೈ 26, ಶನಿವಾರ

ಪಂಚಮಿ ಉಂಡಿ ಕಟ್ಟಿದ್ವಿ, ನಾನೂ ರಾಜಶ್ರೀನೂ. ಪ್ರತಿ ವರ್ಷ ಯಲ್ಲಕ್ಕ ಬರತಿದ್ಲು, ಬೆಲ್ಲ ಕಡಿಮಿ ಆತಂತ ಜಗಳ ತಗೀತಿದ್ಲು. ಈ ಸಲ ಬೆಲ್ಲ ಯಾರೂ ಕೇಳಲಿಲ್ಲ.

ರಾಜಶ್ರೀ ಸುದ್ದಿ ಹೇಳಿದ್ಲು. ಮುಂದಿನ ತಿಂಗಳು ಎರಡನೇ ತಾರೀಖಿಗೆ ಯಲ್ಲಕ್ಕ ಸೂರತ್‌ಗೆ ಹೊಂಟಾಳಂತ, ಮಗಳ ಬಾಣಂತನಕ್ಕ. ಬರೂದು ಸಂಕ್ರಾಂತಿ ಆದ ಮ್ಯಾಲೆ.

ಆರು ತಿಂಗಳು. ಗ್ವಾಡಿ ಆಚೆ ಕೆಮ್ಮಿದ್ದೂ ಕೇಳಂಗಿಲ್ಲ ಇನ್ನ.

ಜುಲೈ 27, ರವಿವಾರ

ಯಲ್ಲಕ್ಕಾ, ಈ ಹಾಳಿ ನಿನಗ. ಹರದು ಕೊಡಾಕತ್ತೇನಿ. ಅಕ್ಷರಕ್ಕ ಹೆಸರ ಇಡಬ್ಯಾಡ, ನಿಂದೇನೂ ಮುತ್ತಿನಂಥಾವು ಇರಲಿಲ್ಲ ಸಾಲ್ಯಾಗ.

ಕಳುವು ಅಂದದ್ದು ಸುಳ್ಳ. ನಾನ ಹುಟ್ಟಿಸಿದ್ದು. ನೀ ಬರಬೇಕಂತ ಮಾಡಿದ್ನಿ. ಬಾ ಅಂತ ಒಂದು ಮಾತು ಅಂದಿದ್ರ ಮುಗೀತಿತ್ತು, ಅದ ಬರಲಿಲ್ಲ. ಬ್ಯಾರೆ ಎಲ್ಲಾ ಬರತೈತಿ ಈ ಬಾಯಿಗೆ.

ಈಗ ನೆಟ್ ನಿನ್ನ ಮನ್ಯಾಗೂ ಐತಿ, ನನ್ನ ಮನ್ಯಾಗೂ ಐತಿ. ಬರಾಕ ಕಾರಣ ಏನೂ ಉಳದಿಲ್ಲ. ಕಾರಣ ಇಲ್ಲದ ಬಾ. ಫೋನ್ ಬಿಟ್ಟು ಬಾ. ಬೈಯಾಕ ಬಾ ಬೇಕಾದ್ರ, ಕೇಳತೇನಿ.

ಈ ತಿಂಗಳು ಮುಗಿಯೂದ್ರೊಳಗ ಜವಾಬ ಕೊಡಬೇಕು, ಹೇಳೇನಿ. ಭೀಮಶಿ ಕೈಯಾಗ ಹೇಳಿ ಕಳಸೂದಲ್ಲ. ಸೂರತ್ ಮುಟ್ಟಿ ಕಾಲ್ ಮಾಡೂದಲ್ಲ. ಇಲ್ಲೇ ಪಡಸಾಲ್ಯಾಗ, ನನ್ನ ಎದುರಿಗೆ ಕೂತು, ಬಾಯಿ ತೆರದು ಬೈಯಬೇಕು ನೀ.