ಮೇಜಿನ ಕೆಳಗೆ ಕಂಡದ್ದು

ಸೋಮವಾರ, ಸಂಜೆ

ಪ್ರೀತಿಯ ಗುಬ್ಬಿ,

ಹಾಗಲ್ಲ ಕಣೇ, ನಿನ್ನೆ ನೀನು ಫೋನು ಇಟ್ಟಾಗ ನನ್ನ ಮಾತು ಇನ್ನೂ ಅರ್ಧದಲ್ಲಿತ್ತು. ಬೆಳಿಗ್ಗೆಯಿಂದ ನೀನು ಎತ್ತುತ್ತಲೂ ಇಲ್ಲ, ಅದಕ್ಕೇ ಈ ಕಾಗದ. ನನ್ನ ಜೊತೆಗಿನ ಚೆಸ್ ಆಟ ಡ್ರಾ ಆದರೂ ಆ ಅರ್ಧ ಅಂಕದಿಂದಲೇ ಫೈನಲ್ ಸೇರಿದ್ದೀಯ. ಈಗ ಭಾನುವಾರ ಚಾಂಪಿಯನ್ ಎದುರು ಆಡುವುದೇ ಇಲ್ಲವೆಂದು ಹಟ ಹಿಡಿದರೆ ಹೇಗೆ?

"ತಿಂಗಳುಗಟ್ಟಲೆ ಕೂತು ಹೆಣೆದ ಬಲೆ. ಅಪ್ಪನಿಗೇ ಕಾಣಿಸ್ತು ಅಂದ್ರೆ ಆ ಚಾಂಪಿಯನ್‌ಗೆ ಕಾಣಲ್ವಾ?" ಎಂದೆ ನೀನು. ಆ 'ಅಪ್ಪನಿಗೇ' ಸ್ವಲ್ಪ ಚುಚ್ಚಿತು, ಇರಲಿ.

ನಿಜ ಹೇಳಲಾ? ನನಗೆ ಕಾಣಿಸಲಿಲ್ಲ. ನೀನು ಆನೆಯನ್ನು ತಂದು ನನ್ನ ಮಂತ್ರಿಯ ಬಾಯಿಗಿಟ್ಟಾಗ ನನಗೆ ಕಂಡದ್ದು ಬಿಟ್ಟಿ ಆನೆ. ಅಬ್ಸೊಲ್ಯೂಟ್ಲಿ ನಥಿಂಗ್ ಎಲ್ಸ್. ಮಂತ್ರಿಯನ್ನು ಮುಟ್ಟುವುದೊಂದೇ ಬಾಕಿ, ಅಷ್ಟರಲ್ಲಿ ನಡೆ ಬರೆದುಕೊಳ್ಳುವ ಪೆನ್ನು ಬಿತ್ತು. ಬಗ್ಗಿದೆ. ನೀನು ಚಪ್ಪಲಿ ಕಳಚಿ, ಎಡಗಾಲಿನ ಹೆಬ್ಬೆರಳನ್ನು ಬಲಗಾಲಿನದರಿಂದ ಒತ್ತಿಕೊಂಡು ಕೂತಿದ್ದೆ.

ನಿನ್ನಮ್ಮ ಏನಾದರೂ ಬಚ್ಚಿಟ್ಟಾಗ ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಲ್ಲುತ್ತಿದ್ದಳು. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ನನಗೆಂದು ಕೈಗಡಿಯಾರ ತಂದ ದಿನವೂ ಹಾಗೇ, ಡಾಕ್ಟರು ಹೇಳಿದ್ದನ್ನು ನನಗೆ ಹೇಳದ ದಿನವೂ ಹಾಗೇ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಇದಕ್ಕೆ ಸರ್ಕಮ್‌ಸ್ಟಾನ್ಷಿಯಲ್ ಎವಿಡೆನ್ಸ್ ಎನ್ನುತ್ತಿದ್ದರು, ಇಲ್ಲಾ ಸರ್ಕಮ್‌ಫರೆನ್ಸ್ ಎಂದೋ. ಸರ್ಕಮ್ ಅಂತೂ ಇತ್ತು.

ಎದ್ದು ಕೂತು, ಆನೆಯ ಗೊಡವೆಗೇ ಹೋಗದೆ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದೆ. ಅದಷ್ಟೇ ನನ್ನ ಜಾಣತನ. ಆಮೇಲೆ ಪೆನ್ನು ಮತ್ತೊಮ್ಮೆ ಬಿದ್ದು, ಯಜಮಾನ್ರೇ ಅದಕ್ಕೊಂದು ದಾರ ಕಟ್ಟಿಕೊಳ್ಳಿ ಎಂದು ತೀರ್ಪುಗಾರನ ಕೈಲಿ ಅನ್ನಿಸಿಕೊಂಡೆನಲ್ಲ, ನೀನೂ ದುರುಗುಟ್ಟಿ ನೋಡಿದೆ.

ಮನೆಗೆ ಬಂದು ಮಣೆ ಹಾಸಿ, ಆ ಆನೆಯನ್ನು ತಿಂದು ನೋಡಿದೆ. ನನ್ನ ರಾಜ ಎತ್ತ ಓಡಿದರೂ ನಿನ್ನ ಒಂಟೆ ಕಾದು ಕೂತಿತ್ತು. ಒಬ್ಬನೇ ಚಪ್ಪಾಳೆ ತಟ್ಟಿದೆ, ಪಕ್ಕದ ಮನೆಯವರು ಏನಂದುಕೊಂಡರೋ.

ಬಲೆಯಲ್ಲಿ ತೂತಿಲ್ಲ ಗುಬ್ಬಿ. ಭಾನುವಾರ ಹೋಗು, ಅದೇ ಆನೆಯನ್ನು ಕೊಡು. ಚಪ್ಪಲಿ ಮಾತ್ರ ಬೇಡ. ಲೇಸಿನ ಶೂ ಹಾಕಿಕೋ, ಗಂಟು ಬಿಗಿಯಾಗಿರಲಿ.

ಇನ್ನೂ ಏನೋ ಹೇಳುವುದಿತ್ತು. ಕಿಟಕಿಯ ಬೆಳಕು ಹೋಗುತ್ತಿದೆ, ಸಾಲಿನ ಮೇಲೆ ಸಾಲು ಹತ್ತುತ್ತಿದೆ. ಸಾಕು.

ಇಂತಿ ನಿನ್ನ ಎದುರಾಳಿ,
ಅಪ್ಪ

ತಾ.ಕ.: ಪೆನ್ನು ಎರಡನೇ ಸಲ ಬಿದ್ದ ಹೊತ್ತಿಗೆ ಆಟ ಡ್ರಾ ಕಡೆಗೆ ಹೊರಳಿಯಾಗಿತ್ತು, ಮೇಜಿನ ಕೆಳಗೆ ತಿಳಿದುಕೊಳ್ಳುವುದೇನೂ ಉಳಿದಿರಲಿಲ್ಲ. ಆ ಸಲ ಅದು ತಾನಾಗಿ ಬೀಳಲಿಲ್ಲ. ಆ ಹೆಬ್ಬೆರಳನ್ನು ಇನ್ನೊಂದು ಸಲ ನೋಡಬೇಕೆನ್ನಿಸಿತು, ನಾನೇ ಬಿಟ್ಟೆ.