ಬುತ್ತಿಯಿಂದ ತೆಗೆದ ಲಾಳ

ಶರಣಮ್ಮ,

ಇದನ್ನು ಅವ್ವನ ಮುಂದೆ ಓದಬೇಡ. ಅವಳು ನನ್ನ ರೊಟ್ಟಿ ಬುತ್ತಿಯೊಳಗೆ ಇಟ್ಟಿದ್ದ ಎತ್ತಿನ ಲಾಳವನ್ನು ತೆಗೆದು ನಿನ್ನ ಸೀರೆಗಳ ಕೆಳಗೆ ಇಟ್ಟಿದ್ದೇನೆ.

ಹೋದ ಸಲ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅದನ್ನು ಎಲ್ಲರೆದುರು ಎತ್ತಿ ಹಿಡಿದು, "ಏನಪ್ಪ ಸಿಪಾಯಿ, ವಿಮಾನಕ್ಕೂ ಲಾಳ ಕಟ್ತೀಯೇನು?" ಅಂದ. ಸಾಲಿನಲ್ಲಿದ್ದವರು ನಕ್ಕರು. ಸಮವಸ್ತ್ರದಲ್ಲೇ ಕೈಯೆತ್ತಿ ನಿಂತಿದ್ದೆ, ಕೈ ನಡುಗಿತು. ನಡುಗುವ ಸಿಪಾಯಿಯ ಮೇಲೆ ಅನುಮಾನ ಬಂದು ಮೈಯೆಲ್ಲ ಇನ್ನೊಮ್ಮೆ ತಡಕಿದರು. ವಿಮಾನ ತಪ್ಪುವುದರಲ್ಲಿತ್ತು. ಈ ಸಲ ನಾಳೆಯೇ ಹಾಜರಾಗಬೇಕೆಂದು ತಂತಿ ಬಂದಿದೆ, ತಪ್ಪಿದರೆ ಶಿಕ್ಷೆ.

"ಕಬ್ಬಿಣ ಜೊತೆಗಿದ್ರೆ ಗಾಳಿ ಸೋಕಲ್ಲ ಮಗ" ಅನ್ನುವವಳಿಗೆ ಇದನ್ನೆಲ್ಲ ಹೇಗೆ ಹೇಳಲಿ? ಕೇಳಿದರೆ, ಬುತ್ತಿಯಲ್ಲೇ ಐತೆ ಅನ್ನು.

ಮಗುವಿನ ಕಿವಿಗೆ ಔಷಧಿ ಇನ್ನೆರಡು ದಿನ ಹಾಕು.
ಸೈಕಲ್ಲನ್ನು ಬೋರಯ್ಯನಿಗೆ ಕೊಡಬೇಡ. ಹಿರಿಯೂರಿಗೆ ಹೋಗಿ ಬರುವಷ್ಟರಲ್ಲಿ ಬ್ರೇಕು ಮುರಿದು ತಂದವನು ಅವನು.

ಲಾಳವನ್ನು ಮಾತ್ರ ಎಸೆಯಬೇಡ. ನಾನು ತಲುಪಿದ ಕಾಗದ ಬರುವವರೆಗೆ ನಿನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗು. ನಗಬೇಡ.

ಪಂಚಾಕ್ಷರಿ