ಅಪ್ಪ ಸೈಕಲ್ ಮೇಲೆ ತೋರಿಸಿದ ಆಳಂದ

ಆಳಂದ
೨೮ ನವೆಂಬರ್ ೧೯೪೮

ನನ್ನ ಅವ್ವ ಸಾಬವ್ವನ ಪಾದಕ್ಕೆ ಅಂಬುಬಾಯಿಯ ಶರಣು.

ಅಣ್ಣ ಚಂದ್ರಾಮ ಈ ಕಾಗದ ನಿನಗೆ ಓದಿ ಹೇಳುವಾಗ ನೀನು ಮುಖ ಆಚೆ ತಿರುಗಿಸಿ ಕೂಡುತ್ತೀ ಎಂದು ನನಗೆ ಗೊತ್ತು. ರಜಾಕಾರರ ಹಾವಳಿಗೆ ನಮ್ಮ ಕೇರಿಯೆಲ್ಲ ಸೊಲ್ಲಾಪುರಕ್ಕೆ ಹೊರಟಾಗ ಅಪ್ಪ ತನ್ನ ಕಲ್ಲುಕೆಲಸ ಬಿಟ್ಟು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂದು ದಾರಿ ತೆರೆದ ಮೇಲೂ ನಮ್ಮನ್ನು ಕರೆಯಲು ಬರಲಿಲ್ಲ. ‘ಆ ಕಲ್ಲಿನ ಕೂಡಾನೇ ಸಂಸಾರ ಮಾಡ್ಲಿ’ ಎಂದು ನೀನು ಅಂದೆ. ನಾನು ಮಾತ್ರ ಹೋದ ವಾರ ಕೇರಿಯವರ ಕೂಡ ಇಲ್ಲಿಗೆ ತಿರುಗಿ ಬಂದೆ. ನಿನ್ನ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮೊನ್ನೆ ಶುಕ್ರವಾರ ಇಲ್ಲಿ ನಡೆದದ್ದನ್ನು ಪೂರ್ತಿ ಕೇಳು.

ಬಿಜಾಪುರದ ಕಡೆಯಿಂದ ಹಣಮಂತರಾಯರೆಂಬ ಇಂಜಿನಿಯರ್ ಸಾಹೇಬರು ಬಂದಿದ್ದಾರೆ. ಲಾರಿಗಳು ಒಳಗೆ ಬರಲೆಂದು ಹಳೇ ಪೇಟೆಯ ಅಗಸಿಬಾಗಿಲನ್ನು ಕೆಡವಬೇಕು, ಅದಕ್ಕೂ ಮೊದಲು ಪೇಟೆಯ ಹಳೆಯ ಕಟ್ಟಡಗಳನ್ನೆಲ್ಲ ನೋಡಿ ಬರೆದುಕೊಳ್ಳಬೇಕು ಎಂಬುದು ಅವರ ಯೋಚನೆ. ಊರಿನ ಕಲ್ಲು ಬಲ್ಲವರು ಯಾರೆಂದು ಕೇಳಿದಾಗ ಸೈಕಲ್ ಅಂಗಡಿಯ ಪೀರಸಾಬ ಕಾಕಾ ಅಪ್ಪನ ಹೆಸರು ಹೇಳಿ, ತನ್ನದೊಂದು ಸೈಕಲ್ಲನ್ನೂ ಕೊಟ್ಟ. ಅಪ್ಪ ತುಳಿದ. ಬರೆದುಕೊಳ್ಳಲು ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತೆ. ಸಾಹೇಬರು ತಮ್ಮ ಸೈಕಲ್ ಮೇಲೆ ಹಿಂದಿನಿಂದ ಬಂದರು. ಅಪ್ಪ ಮುಂದೆ, ಸಾಹೇಬರು ಹಿಂದೆ! ಜನ ಕಟ್ಟೆಗೆ ಬಂದು ನಿಂತು ನೋಡಿದರು ಅವ್ವಾ.

ಅಪ್ಪನಿಗೆ ಅವಸರವೇ ಇರಲಿಲ್ಲ. ಒಂದು ಕಾಲನ್ನು ನೆಲಕ್ಕೆ ಊರಿ ನಿಲ್ಲುತ್ತಿದ್ದ, ಹೇಳುತ್ತಿದ್ದ, ಮತ್ತೆ ತುಳಿಯುತ್ತಿದ್ದ. ನೇಕಾರರ ಓಣಿಯಲ್ಲಿ ಬಾಗಿಲುಗಳು ಅಷ್ಟು ಗಿಡ್ಡ ಯಾಕೆಂದು ಸಾಹೇಬರು ಕೇಳಿದರು. ಹಿಂದಿನ ಕಾಲದಲ್ಲಿ ಕುದುರೆ ಮೇಲೆ ಬಂದ ಲೂಟಿಗಾರರು ಹಾಗೇ ಒಳಗೆ ನುಗ್ಗಬಾರದೆಂದು ಅಪ್ಪ ಹೇಳಿದ. ಮೆಟ್ಟಿಲ ಬಾವಿಯ ಬಳಿ ಒಂದೊಂದು ಮೆಟ್ಟಿಲೂ ಬಲಗಡೆಯೇ ಸವೆದದ್ದನ್ನು ತೋರಿಸಿದ. ಎಡಸೊಂಟದಲ್ಲಿ ಕೊಡವಿಟ್ಟ ಹೆಂಗಸರು ಬಲಗೈಯಿಂದ ಗೋಡೆ ಹಿಡಿದು ಏರುವುದರಿಂದ ಹಾಗಂತೆ. ನಮ್ಮವರನ್ನು ಯಾರೂ ಇಳಿಯಗೊಡದ ಬಾವಿ ಅದು. ಆದರೂ ಅಪ್ಪನಿಗೆ ಗೊತ್ತಿತ್ತು.

ಆಮೇಲೆ ಮಲ್ಲಣ್ಣ ಸಾಹುಕಾರರ ವಾಡೆ. ಅವರು ಹೊರಗೆ ಬಂದು, “ಇದು ನಮ್ಮ ಅಜ್ಜಾರು ಕಟ್ಟಿದ್ದರಿ ಸಾಹೇಬ್ರ. ಈ ಗುರ್ಯಾಗ ಏನ್ ಗೊತ್ತದ?” ಎಂದು ಅಪ್ಪನ ಕಡೆ ಬೆರಳು ತೋರಿಸಿದರು.

ಅಪ್ಪ ಸೈಕಲ್ಲಿನಿಂದ ಇಳಿದ. “ಕಟ್ಟಿಸಿದವ್ರು ನಿಮ್ಮ ಅಜ್ಜಾರು ಹೌದ್ರಿ ಸಾಹುಕಾರ್ರ. ಕಟ್ಟಿದವ ನಮ್ಮಜ್ಜ.”

ಅಪ್ಪ ತಣ್ಣಗೆ ಮುಂದುವರಿಸಿದ. “ಪಡಸಾಲ್ಯಾಗ ಎಡಕಿನಿಂದ ಮೂರನೇ ಕಂಬ ನೋಡ್ರಿ. ಬುಡದಾಗ, ಗೋಡಿ ಕಡೆ, ಮೂರು ಗೀರು ಒಂದು ಚುಕ್ಕಿ ಅದ. ಅದು ನಮ್ಮಜ್ಜನ ಗುರ್ತು. ನಾ ನೋಡಿಲ್ರಿ, ನಮ್ಮಪ್ಪ ಹೇಳಿದ್ದ.”

ಮಲ್ಲಣ್ಣನವರು ಕಂದೀಲು ಹಿಡಿದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಅವರ ಕೈಬೆರಳಿಗೆ ಧೂಳು ಮೆತ್ತಿತ್ತು. ಸಾಹೇಬರ ಕಡೆ ನೋಡದೆ ಅಪ್ಪನಿಗೇ ಹೇಳಿದರು: “ಅದ. ಒಳಗ ಬಾ ಗುರಣ್ಣಾ.”

ಅಪ್ಪ ಹೊಸ್ತಿಲ ಮುಂದೆ ನಿಂತೇ ಇದ್ದ. ಹಿಂದಕ್ಕೆ ಸರಿದುಬಿಡುತ್ತಾನೇನೋ ಎಂದು ಹೆದರಿದೆ. ಸರಿಯಲಿಲ್ಲ. ಒಳಗೆ ಹೋಗಿ ಕಂಬದ ಬುಡದಲ್ಲಿ ಕೂತು ಆ ಗೀರುಗಳ ಮೇಲೆ ಕೈಯಾಡಿಸಿದ. ನಾನೂ ದಾಟಿ ಹೋದೆ ಅವ್ವಾ, ಬರೆದುಕೊಳ್ಳುವವಳು ನಾನಲ್ಲವೆ!

ಕೊನೆಗೆ ಅಗಸಿ. ಅಪ್ಪ ಸಾಹೇಬರ ಕೈ ಹಿಡಿದು ಕಮಾನಿನ ಬದಿಯ ಗೋಡೆಯನ್ನು ಮುಟ್ಟಿಸಿದ. “ಹಿಂದಿನ ಎಂಟು ಮನಿ ಇದಕ್ಕೇ ಒರಗ್ಯಾವ್ರಿ. ಇದನ್ನ ಕೆಡವಿದ್ರ ಮಂದಿ ಮಲಗಿದಲ್ಲೇ ಹೂತುಹೋಗ್ತಾರ.” ಸಾಹೇಬರು ಆ ಎಂಟೂ ಮನೆಗಳ ಒಳಗೆ ಹೋಗಿ ಗೋಡೆ ಬಡಿದು ನೋಡಿದರು. ಹೊರಬಂದು ತಮ್ಮ ನಕ್ಷೆಯಲ್ಲಿ ಪೆನ್ಸಿಲ್ಲಿನಿಂದ ರಸ್ತೆಯನ್ನು ಊರ ಹೊರಗಿನಿಂದ ತಿರುಗಿಸಿದರು. ಅಗಸಿ ಉಳಿಯಿತು. ಬಿರುಕು ಬಿಟ್ಟ ಕಮಾನನ್ನು ದುರಸ್ತಿ ಮಾಡುವ ಮೇಸ್ತ್ರಿ ಯಾರು ಗೊತ್ತೆ? ನಿನ್ನ ಗಂಡ.

ತಿರುಗಿ ಬರುವಾಗ ಕೇರಿ ಹತ್ತಿರ ಅಪ್ಪ, “ನಿಮ್ಮವ್ವ ಇರಬೇಕಾಗಿತ್ತು ನೋಡಬೇ” ಅಂದ. ಅಷ್ಟೇ ಅಂದ.

ಗುರಣ್ಣ ಮೇಸ್ತ್ರಿಯ ಮಗಳೆಂದು ಎಲ್ಲರೆದುರು ಹೇಳಿಕೊಳ್ಳುವ,
ನಿನ್ನ ಅಂಬು

ತಾ.ಕ.: ಇದನ್ನು ಬರೆಯಬೇಡವೆಂದು ಅಪ್ಪ ಆಣೆ ಹಾಕಿಸಿಕೊಂಡಿದ್ದ; ಮುರಿಯುತ್ತಿದ್ದೇನೆ. ಸೈಕಲ್ ತರಲು ಹೋದಾಗ ಪೀರಸಾಬ ಕಾಕಾನ ಹೆಂಡತಿ ಅಮೀರುನ್ನಿಸಾ ನನ್ನ ಕೈ ಹಿಡಿದು ಅತ್ತಳು. ಫೌಜು ಬಂದ ಮೇಲೆ ಸೇಡಿನ ಗುಂಪುಗಳು ಮುಸಲ್ಮಾನರ ಮನೆ ಹುಡುಕುತ್ತ ತಿರುಗುತ್ತಿದ್ದಾಗ, ಗಂಡ ಹೆಂಡತಿ ಇಬ್ಬರು ಹೆಣ್ಣುಮಕ್ಕಳು ಹನ್ನೊಂದು ದಿನ ನಮ್ಮ ಮನೆಯ ಒಳಕೋಣೆಯಲ್ಲಿದ್ದರಂತೆ. ಅಪ್ಪ ಸುತ್ತಿಗೆ ಹಿಡಿದು ಬಾಗಿಲಲ್ಲೇ ಕೂತಿದ್ದನಂತೆ. ಆಮೇಲೂ ಅವರು ತಾವಷ್ಟೇ ಹೊರಗೆ ಬರಲು ಅಂಜುತ್ತಿದ್ದುದರಿಂದ ಅಪ್ಪ ಊರು ಬಿಡಲಿಲ್ಲವಂತೆ. ಅದಕ್ಕೇ ನಮ್ಮನ್ನು ಕರೆಯಲು ಬರಲಿಲ್ಲ. ಇಷ್ಟು ಕೇಳಿಯೂ ನಿನ್ನ ಸಿಟ್ಟು ಉಳಿದಿದ್ದರೆ, ಇಲ್ಲಿಗೆ ಬಂದು ಅವನ ಎದುರಿಗೇ ಬೈಯಿ.